ಧೂಪದ ಬೀಜ ಆರಿಸುವ ಮೊದಲು ಕಾನು ಸುತ್ತಿ

ಸಿದ್ದಾಪುರದ ಕಡೆ ನಮ್ಮ ಕಾನಿನಲ್ಲಿ, ಅಂದರೆ ನಿತ್ಯಹಸಿರು ಕಾಡಿನಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಧೂಪದ ಮರದ ಕಾಯಿ ಉದುರುತ್ತದೆ. ಕೋಳಿಮೊಟ್ಟೆಯಷ್ಟು ದಪ್ಪ, ಕೈಗೆ ಭಾರ. ಸಸಿ ಮಾಡಲು ಶುರುಮಾಡಿದ ವರ್ಷ ನಾನು ಹಳ್ಳದ ಬದಿಯ ಒಂದೇ ದೊಡ್ಡ ಮರದ ಬುಡದಲ್ಲಿ ಕೂತು ಎರಡು ಚೀಲ ತುಂಬಿಕೊಂಡು ಬಂದೆ. ಸುಮಾರು 300 ಸಸಿ ಆದವು. ಅಷ್ಟನ್ನೂ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ನೆಟ್ಟೆವು. ಅವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಆಮೇಲೆ ಹೊಳೆದಾಗ ತುಂಬಾ ಸಂಕಟವಾಯಿತು. ನಾಳೆ ಹೂ ಬಿಟ್ಟರೆ ಅಲ್ಲಿ ಪರಾಗ ಕೊಡುವುದು ಯಾರು, ಪಡೆಯುವುದು ಯಾರು? ಅಣ್ಣ ತಂಗಿಯರೇ ಅಲ್ವಾ?

ಧೂಪದ ಕಾಯಿಗೆ ಹಾರುವ ರೆಕ್ಕೆ ಇಲ್ಲ. ಹೆಚ್ಚಿನವು ತಾಯಿಯ ನೆರಳಲ್ಲೇ ಬಿದ್ದು ಅಲ್ಲೇ ಮೊಳೆಯುತ್ತವೆ. ಹಾಗೆ ನೂರಾರು ವರ್ಷ ನಡೆದಾಗ ಕಾಡಿನಲ್ಲಿ ಕೇರಿಗಳಾಗುತ್ತವೆ. ಒಂದೊಂದು ಕೇರಿ ಒಂದೊಂದು ಕುಟುಂಬ. ಪಕ್ಕಪಕ್ಕದ ಮರಗಳು ನೆಂಟರು, ದೂರ ಹೋದ ಹಾಗೆ ನೆಂಟಸ್ತನ ತೆಳುವಾಗುತ್ತದೆ. ತಾಯಿ ಒಂದೇ, ತಂದೆ ಬೇರೆಯಾದ ಎರಡು ಮರ ಕೂಡಿದರೆ ಅವುಗಳ ಮರಿಯಲ್ಲಿ ಸರಾಸರಿ 8ರಲ್ಲಿ 1 ಜೀನ್‌ನ ಎರಡೂ ಪ್ರತಿ ಒಂದೇ ಮೂಲದ್ದಾಗಿರುತ್ತವೆ. ತಂದೆಯೂ ಒಂದೇ ಆದರೆ 4ರಲ್ಲಿ 1. ಇನ್ನೊಂದು ಪ್ರತಿ ಸರಿಯಿದ್ದಾಗ ಅಡಗಿದ್ದ ದೋಷಗಳು ಹೊರಬರುವುದು ಹೀಗೆ.

ಕೊಡಗಿನಲ್ಲಿ 216 ಚದರ ಕಿಲೋಮೀಟರ್ ಜಾಗದ ಬಿಳಿ ದೇವದಾರಿ ಎಂಬ ಇನ್ನೊಂದು ಜಾತಿಯ ಕಾಡುಮರಗಳ ಡಿಎನ್‌ಎ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮರಗಳು ವಿರಳವಾದ ಕಾಡಿನ ತುಂಡುಗಳಲ್ಲಿ ಹತ್ತಿರದವು, ನೆಂಟರಾದವು ಕೂಡುವುದು ಹೆಚ್ಚಿತ್ತು. ದೊಡ್ಡ ಮರಗಳಿಗಿಂತ ಎಳೆಯವುಗಳಲ್ಲಿ ಈ ಕೇರಿ ಕಟ್ಟುವಿಕೆ ಜಾಸ್ತಿ. ಆದರೆ ಪೂರ್ತಿ ಒಂಟಿಯಾಗಿ ನಿಂತ ಮರಕ್ಕೆ 5 ಕಿಲೋಮೀಟರ್‌ಗೂ ಆಚೆಯಿಂದ ಬಗೆಬಗೆಯ ಪರಾಗ ಬರುತ್ತಿತ್ತು! ಇದನ್ನು ತಿಳಿದ ಮೇಲೆ ಗದ್ದೆಯಂಚಿನ ಒಂಟಿ ಮರವನ್ನು ನಾನು ಬಿಟ್ಟು ಬರುವುದಿಲ್ಲ.

ಈಗ ಕೆಲಸದ ಮಾತು. ಕಾಯಿ ಉದುರುವವರೆಗೆ ಕಾಯಬೇಡಿ. ಫೆಬ್ರವರಿಯಲ್ಲಿ ಬಿಳಿ ಹೂವಿನ ಗೊಂಚಲು ಕಾಣುವಾಗಲೇ ಕಾನು ಸುತ್ತಿ, ಆಗ ಉಂಬಳದ, ಅಂದರೆ ಜಿಗಣೆಯ, ಕಾಟವೂ ಇರುವುದಿಲ್ಲ. ಮರಕ್ಕೊಂದು ನಂಬರ್ ಕೊಟ್ಟು, ಜಾಗವನ್ನು ಫೋನಿನಲ್ಲಿ ಗುರುತು ಮಾಡಿ. ಒಂದು ತಾಯಿಮರದಿಂದ ಇನ್ನೊಂದಕ್ಕೆ ಕನಿಷ್ಠ 100 ಮೀಟರ್, ಅಂದರೆ ಸುಮಾರು 150 ಹೆಜ್ಜೆ ಇರಲಿ. ಏರುದಾರಿಯಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಅಲ್ಲಿ ಇನ್ನೂ ಮುಂದೆ ಹೋಗಿ. ಹಳ್ಳದ ಗುಂಟ ಮಾತ್ರ ನಡೆಯಬೇಡಿ. ನೀರಿನ ಜೊತೆ ಉರುಳಿ ಹೋದ ಕಾಯಿಗಳು ಕೆಳಗೆ ಮರವಾಗಿರುತ್ತವೆ. ಗುಡ್ಡ ದಾಟಿ ಆಚೆ ಇಳಿಯಿರಿ.

ರಸ್ತೆಬದಿಯ ಸಾಲು ಧೂಪ ಸುಲಭಕ್ಕೆ ಸಿಗುತ್ತದೆ, ಆಸೆಯೂ ಆಗುತ್ತದೆ. ಆದರೆ ಆ ಸಾಲು ಪೂರ್ತಿ ಒಂದೇ ಮರದ ಬೀಜದ್ದಿರಬಹುದು. ಹತ್ತು ಮರ ಎಣಿಸಿ ನಿಜಕ್ಕೂ ಒಂದೇ ಮನೆಗೆ ಹೋಗಿ ಬಂದ ಹಾಗೆ.

ನಾನು 25ರಿಂದ 30 ತಾಯಿಮರ ಹಿಡಿಯುತ್ತೇನೆ. ಪ್ರತಿ ಮರದಿಂದ 20 ಕಾಯಿ, ಅಷ್ಟೇ. ಒಂದು ಮರ ಎಷ್ಟೇ ಸುರಿದಿರಲಿ, ಉಳಿದದ್ದು ಕಾಡಿಗೆ. ನಿಮ್ಮ ಕಾನಿನಲ್ಲಿ ಐದಾರೇ ಮರ ಇದ್ದರೆ ಪಕ್ಕದ ಊರಿನವರ ಜೊತೆ ಬೀಜ ಬದಲಿಸಿಕೊಳ್ಳಿ. ಮಳೆ, ಎತ್ತರ ನಮ್ಮ ಹಾಗೇ ಇರುವ ಜಾಗದ್ದು ಸಾಕು, ದೂರದ ಜಿಲ್ಲೆಯದು ಬೇಡ.

ತಂದ ಬೀಜ ಒಣಗಿಸಬೇಡಿ. ಧೂಪದ ಜೀವ ಬೇಗ ಹೋಗುತ್ತದೆ. ಎರಡು ಮೂರು ದಿನದೊಳಗೆ ಮಣ್ಣು ತುಂಬಿದ ಪಾಕೀಟಿಗೆ ಹಾಕಿ, ಪಾಕೀಟಿನ ಮೇಲೆ ತಾಯಿಮರದ ನಂಬರ್ ಬರೆಯಿರಿ. ಅಳಿಸದ ಪೆನ್ನೇ ಬೇಕು. ಒಂದು ಮಳೆಗಾಲದಲ್ಲಿ ನಂಬರ್ ತೊಳೆದುಹೋಗಿ ನನ್ನ ಅರ್ಧ ಕೆಲಸ ಹಾಳಾಗಿದೆ. ಎಲ್ಲರೂ ಮರೆಯುವುದು ನೆಡುವಾಗ. 7ನೇ ಮರದ ಸಸಿಗಳನ್ನೆಲ್ಲ ಒಂದೇ ಬುಟ್ಟಿಯಲ್ಲಿ ಒಯ್ದು ಒಂದೇ ಮೂಲೆಯಲ್ಲಿ ನೆಟ್ಟರೆ ಮತ್ತೆ ಅದೇ ಕೇರಿ! ಬುಟ್ಟಿ ತುಂಬುವಾಗಲೇ ಬೇರೆ ಬೇರೆ ನಂಬರ್ ಒಂದೊಂದೇ ಹಾಕಿ, ಬುಟ್ಟಿಯ ಕ್ರಮದಲ್ಲೇ ನೆಡಿ.

ನಮ್ಮ ಬೆಟ್ಟದ ಆ 300ರ ನಡುವೆ ಈಗ ಪ್ರತಿ ಮಳೆಗಾಲ ಬೇರೆ ತಾಯಂದಿರ ಸಸಿ ಸೇರಿಸುತ್ತಿದ್ದೇನೆ. ಧೂಪ ಎಲ್ಲ ವರ್ಷವೂ ಕಾಯಿ ಬಿಡುವುದಿಲ್ಲ. ಕಳೆದ ಸಲ ಖಾಲಿ ಇದ್ದ 11 ಮತ್ತು 14ನೇ ಮರಗಳ ಹತ್ತಿರ ಈ ಬಾರಿ ಮೊದಲು ಹೋಗಬೇಕು.