ಯೆಹೂದಿ ಹೊಸ ವರ್ಷ: ದಿನ ಗೊತ್ತುಮಾಡುವ ಬಗೆ, ಆಚರಿಸುವ ಕ್ರಮ

ಯೆಹೂದಿಗಳ ಹೊಸ ವರ್ಷವಾದ ರೋಶ್ ಹಶಾನಾ ತಿಶ್ರಿ ಮಾಸದ ಮೊದಲ ಎರಡು ದಿನಗಳ ಹಬ್ಬ. ಆ ಪಂಚಾಂಗದಲ್ಲಿ ದಿನ ಮೊದಲಾಗುವುದು ಸೂರ್ಯಾಸ್ತಕ್ಕೆ. ಆದ್ದರಿಂದ ತಾರೀಖಿಗಿಂತ ಮೊದಲು ಹಿಂದಿನ ಸಂಜೆಯನ್ನು ಗುರುತು ಹಾಕಿಕೊಳ್ಳಬೇಕು. 2026ರಲ್ಲಿ ಹಬ್ಬ ಸೆಪ್ಟೆಂಬರ್ 11ರ ಶುಕ್ರವಾರ ಸೂರ್ಯಾಸ್ತಕ್ಕೆ ತೊಡಗಿ 13ರ ಭಾನುವಾರ ಕತ್ತಲಾಗುವವರೆಗೆ ನಡೆಯುತ್ತದೆ. ಇಸವಿಗೆ 3761 ಕೂಡಿಸಿದರೆ ಆಗ ಹುಟ್ಟುವ ವರ್ಷದ ಸಂಖ್ಯೆ, ಅಂದರೆ 5787, ಸಿಗುತ್ತದೆ. ನಮ್ಮ ಅಧಿಕ ಮಾಸದಂತೆ ಅಲ್ಲಿಯೂ 19 ವರ್ಷಗಳಲ್ಲಿ 7 ಸಲ ಒಂದು ತಿಂಗಳು ಹೆಚ್ಚಾಗಿ ಸೇರುವುದರಿಂದ ಹಬ್ಬವು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೊದಲ ದಿನಗಳನ್ನು ಬಿಟ್ಟು ಆಚೀಚೆ ಹೋಗುವುದಿಲ್ಲ.

ಈ ಸಲ ಮೊದಲ ದಿನವೇ ಶನಿವಾರ, ಅಂದರೆ ಶಬ್ಬಾತ್ ಎಂಬ ವಾರದ ವಿಶ್ರಾಂತಿಯ ದಿನ. ಶಬ್ಬಾತ್ ಅಲ್ಲದ ಹಬ್ಬದ ದಿನ ಮೊದಲೇ ಉರಿಯುತ್ತಿರುವ ಬೆಂಕಿಯಿಂದ ಅಡುಗೆ ಮಾಡಬಹುದು. ಶಬ್ಬಾತ್ ದಿನ ಅದೂ ಸಲ್ಲದು. ಹೀಗಾಗಿ ಶನಿವಾರದ ಅಡುಗೆಯೆಲ್ಲ ಶುಕ್ರವಾರ ಸಂಜೆಯೊಳಗೆ ಮುಗಿದು, ಸೂರ್ಯಾಸ್ತಕ್ಕೆ ಮುಂಚೆ ಮನೆಯಲ್ಲಿ ಮೇಣದಬತ್ತಿ ಬೆಳಗಿರಬೇಕು. ಎರಡನೆಯ ರಾತ್ರಿಯ ಬತ್ತಿಗೆ ಹೊಸದಾಗಿ ಕಡ್ಡಿ ಗೀರುವಂತಿಲ್ಲವಾದ್ದರಿಂದ, ಎರಡು ದಿನ ಉರಿಯುವಂಥ ಒಂದು ದೀಪವನ್ನು ಶುಕ್ರವಾರವೇ ಹಚ್ಚಿಟ್ಟುಕೊಳ್ಳುವುದು ಒಳ್ಳೆಯದು.

ಊಟಕ್ಕೆ ದುಂಡಗಿನ ಹಲ್ಲಾ ರೊಟ್ಟಿ ಮತ್ತು ಜೇನಿನಲ್ಲಿ ಅದ್ದಿದ ಸೇಬು ಇರಬೇಕು. ಸೇಬಿನ ಹೋಳನ್ನು ತಿನ್ನುವಾಗ ಬರುವ ವರ್ಷ ಸಿಹಿಯಾಗಿರಲೆಂದು ಪ್ರಾರ್ಥಿಸುತ್ತಾರೆ. ಎರಡನೆಯ ರಾತ್ರಿಗೆ ಆ ಋತುವಿನಲ್ಲಿ ಇನ್ನೂ ರುಚಿ ನೋಡದ ಹಣ್ಣೊಂದನ್ನು, ಹೆಚ್ಚಾಗಿ ದಾಳಿಂಬೆಯನ್ನು, ತೆಗೆದಿಡುವ ವಾಡಿಕೆಯುಂಟು. ಮುಂಬಯಿ ಮತ್ತು ಕೊಂಕಣದ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದ ಮನೆಗಳಲ್ಲಿ ನೆನೆಸಿದ ಗೋಧಿಯನ್ನು ರುಬ್ಬಿ ಹಿಂಡಿದ ಸತ್ವವನ್ನು ತೆಂಗಿನ ಹಾಲಿನಲ್ಲಿ ಕಾಯಿಸಿ ಹಲ್ವ ಮಾಡುತ್ತಾರೆ. ನಮ್ಮ ಗೋಧಿ ಹಾಲುಬಾಯಿ ಬಲ್ಲವರಿಗೆ ಇದರ ಹದ ಹೇಳಿಕೊಡಬೇಕಾಗಿಲ್ಲ. ಮಾಂಸದೂಟದೊಂದಿಗೆ ಹಸುವಿನ ಹಾಲು ನಿಷಿದ್ಧವಾದ್ದರಿಂದ ತೆಂಗಿನ ಹಾಲನ್ನು ಬದಲಿಸದಿರುವುದೇ ಲೇಸು.

ಹಬ್ಬದ ತಿರುಳು ಇರುವುದು ಶೋಫಾರ್, ಅಂದರೆ ಟಗರಿನ ಕೊಂಬಿನ ನಾದದಲ್ಲಿ. ತೆಕಿಯಾ ಒಂದೇ ನೀಳ ದನಿ, ಶೆವಾರಿಮ್ ಮೂರು ತುಂಡು ದನಿ, ತೆರೂವಾ ಬಿಕ್ಕಳಿಕೆಯಂಥ ಸರಣಿ. ಇವು ಬೇರೆ ಬೇರೆ ಜೋಡಣೆಯಲ್ಲಿ ಬಂದು, ಬಹುಪಾಲು ಪ್ರಾರ್ಥನಾ ಮಂದಿರಗಳಲ್ಲಿ, ಅಂದರೆ ಸಿನಗಾಗ್‌ಗಳಲ್ಲಿ ಒಟ್ಟು 100 ನಾದಗಳಾಗುತ್ತವೆ. ಶಬ್ಬಾತ್ ದಿನ ಕೊಂಬು ಊದುವುದಿಲ್ಲವೆಂಬ ಸಂಪ್ರದಾಯ ಪಾಲಿಸುವ ಸಿನಗಾಗ್‌ಗಳಲ್ಲಿ 2026ರಲ್ಲಿ ಅದು ಕೇಳುವುದು ಭಾನುವಾರ ಮಾತ್ರ. ಹಬ್ಬ ನೋಡಲು ಹೋಗುವ ಅತಿಥಿಗಳು ಇದನ್ನು ಮರೆಯಬಾರದು. ಆಶೀರ್ವಚನ ಹೇಳುವುದು ಊದುವುದಕ್ಕಲ್ಲ, ಕೇಳುವುದಕ್ಕೆ. ಆದ್ದರಿಂದ ಅದು ಆರಂಭವಾದ ಮೇಲೆ ಕೊನೆಯ ನಾದದವರೆಗೆ ಮಾತಾಡಬಾರದು. ಗುಂಡಿಯೊಳಗೆ ಊದಿದಾಗ ಮರುದನಿಯನ್ನಷ್ಟೇ ಕೇಳಿದವನ ಕರ್ತವ್ಯ ತೀರಲಿಲ್ಲವೆಂದು ಯೆಹೂದಿ ಕಟ್ಟಳೆಗಳ ಪ್ರಾಚೀನ ಸಂಗ್ರಹವಾದ ಮಿಶ್ನಾ ಹೇಳುತ್ತದೆ.

ಮಧ್ಯಾಹ್ನ ಹರಿಯುವ ನೀರಿನ ಬಳಿ ನಿಂತು ಮೀಕ ಪ್ರವಾದಿಯ ವಚನ ಹೇಳಿ ಪಾಪಗಳನ್ನು ಸಾಂಕೇತಿಕವಾಗಿ ನೀರಿಗೆ ಬಿಡುವ ತಶ್ಲಿಖ್ ಕೂಡ ಈ ಸಲ ಹಲವೆಡೆ ಭಾನುವಾರಕ್ಕೆ ಹೋಗುತ್ತದೆ. ಆದರೆ ನೆರೆಯವರಿಗೆ ಮಾಡಿದ ತಪ್ಪು ಇದರಿಂದ ತೀರುವುದಿಲ್ಲ. ಅವರ ಬಳಿಗೇ ಹೋಗಿ ಕ್ಷಮೆ ಕೇಳಬೇಕು, ಅದಕ್ಕೆ ಸೆಪ್ಟೆಂಬರ್ 20ರ ಸಂಜೆ ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತ ದಿನದ ಉಪವಾಸ ತೊಡಗುವವರೆಗೆ ಕಾಲಾವಕಾಶವಿದೆ.