ಏನಿರಬೇಕು, ಏನಿದೆ: ಎರಡಕ್ಕೂ ಬೇರೆ ಬೇರೆ ಟೇಬಲ್

ಪುಣೆಯ ಹಿಂಜವಡಿಯಲ್ಲಿ ನಮ್ಮ ತಂಡಕ್ಕೆ ಹೊಸ ಡಿಪ್ಲಾಯ್‌ಮೆಂಟ್ ಸಿಸ್ಟಂ, ಅಂದರೆ ಸಾಫ್ಟ್‌ವೇರ್‌ನ ಹೊಸ ಆವೃತ್ತಿಗಳನ್ನು ಸರ್ವರ್‌ಗಳಿಗೆ ಹಾಕುವ ವ್ಯವಸ್ಥೆ, ಕಟ್ಟುವ ಕೆಲಸ ಬಂತು. ಎಲ್ಲರೂ ಮೊದಲು ಕೇಳಿದ್ದು, ಯಾವ ಟೂಲ್ ಅಂತ. ನಾನು ಟೇಬಲ್‌ಗಳಿಂದ ಶುರು ಮಾಡೋಣ ಅಂದೆ. ಟೂಲ್ ನಾಳೆ ಬದಲಾಯಿಸಬಹುದು. ಡೇಟಾ ಮಾಡೆಲ್ (ಯಾವ ಮಾಹಿತಿ ಯಾವ ಟೇಬಲ್‌ನಲ್ಲಿ ಅನ್ನೋ ವಿನ್ಯಾಸ) ಒಮ್ಮೆ ಬೇರು ಬಿಟ್ಟರೆ ಕಿತ್ತು ಹಾಕೋದು ಕಷ್ಟ.

ಹಳೆಯ ಸಿಸ್ಟಂನಲ್ಲಿ ಒಂದು ಸರ್ವರ್‌ಗೆ ಒಂದು ಸಾಲು, ಅದರಲ್ಲಿ ‘ವರ್ಷನ್’ ಅನ್ನೋ ಒಂದು ಕಾಲಂ ಇತ್ತು. ತಂಡದಲ್ಲಿದ್ದ ಧಾರವಾಡದ ಹಿರಿಯರೊಬ್ಬರು ಅದನ್ನು ನೋಡಿ, “ಅಲ್ರೀ, ಇದು ನಾವು ಹಾಕ್ಬೇಕು ಅಂದಿದ್ದೋ, ಈಗ ಖರೇನ ಓಡಾಕತ್ತಿದ್ದೋ?” ಅಂದರು. ನಮ್ಮ ಇಡೀ ಮಾಡೆಲ್ ಹುಟ್ಟಿದ್ದು ಆ ಪ್ರಶ್ನೆಯಿಂದ.

ಹಾಗಾಗಿ ಎರಡು ಟೇಬಲ್ ಮಾಡಿದೆವು. ‘ಬೇಕಾದ ಸ್ಥಿತಿ’ಗೆ ಬರೆಯೋರು ನಾವು. ‘ಕಂಡ ಸ್ಥಿತಿ’ಗೆ ಬರೆಯೋದು ಸರ್ವರ್‌ನಲ್ಲಿ ಕೂತ ಏಜೆಂಟ್ ಅನ್ನೋ ಪುಟ್ಟ ಪ್ರೋಗ್ರಾಂ ಮಾತ್ರ. ಎರಡರ ನಡುವಿನ ವ್ಯತ್ಯಾಸವೇ ಮಾಡಬೇಕಾದ ಕೆಲಸ. ಅನೇಕ ಸರ್ವರ್‌ಗಳ ಮೇಲೆ ಅಪ್ಲಿಕೇಶನ್ ಓಡಿಸುವ ಕುಬರ್ನೆಟೀಸ್ ಅನ್ನೋ ಟೂಲ್‌ನಲ್ಲಿ ಸ್ಪೆಕ್ (ಬೇಕಾದದ್ದು), ಸ್ಟೇಟಸ್ (ಇರೋದು) ಅಂತ ಬೇರೆ ಬೇರೆ ಇಟ್ಟಿರೋದೂ ಇದಕ್ಕೇ. ಕಂಡ ಸ್ಥಿತಿಯಲ್ಲಿ ‘ಕಂಡ ಸಮಯ’ ಕಡ್ಡಾಯ. ಏಜೆಂಟ್ ಸುಮಾರು ಹೊತ್ತು ಸುಮ್ಮನಿದ್ದರೆ ಪರದೆಯ ಮೇಲೆ ‘ಗೊತ್ತಿಲ್ಲ’ ಅಂತ ಬರುತ್ತೆ. ಹಳೆಯ ಸುದ್ದಿಯನ್ನು ‘ಸರಿ ಇದೆ’ ಅಂತ ತೋರಿಸೋದು ನನಗೆ ಒಪ್ಪಿಗೆಯಿಲ್ಲ.

ಇನ್ನು ರಿಲೀಸ್. ನಮ್ಮಲ್ಲಿ ರಿಲೀಸ್ ಅಂದರೆ ಒಂದು ಬಿಲ್ಡ್ (ಕೋಡ್‌ನಿಂದ ತಯಾರಾದ, ಓಡಿಸೋಕೆ ಸಿದ್ಧವಾದ ಪ್ಯಾಕೇಜ್) ಜೊತೆಗೆ ಕಾನ್ಫಿಗ್‌ನ (ಸೆಟ್ಟಿಂಗ್‌ಗಳ) ಒಂದು ಆವೃತ್ತಿ. ಕೋಡ್ ಅದೇ ಇದ್ದರೂ ಕಾನ್ಫಿಗ್ ಬದಲಾದರೆ ಅದು ಹೊಸ ರಿಲೀಸ್. ಬಿಲ್ಡ್ ಗುರುತಿಸೋಕೆ ಟ್ಯಾಗ್, ಅಂದರೆ ಅದಕ್ಕೆ ಅಂಟಿಸಿದ ಹೆಸರು, ಬಳಸಲಿಲ್ಲ. ಡಾಕರ್ ಇಮೇಜ್‌ನ (ಅಪ್ಲಿಕೇಶನ್ನನ್ನೂ ಅದಕ್ಕೆ ಬೇಕಾದದ್ದನ್ನೂ ಕಟ್ಟಿಟ್ಟ ಪ್ಯಾಕೇಜ್) ‘ಲೇಟೆಸ್ಟ್’ ಟ್ಯಾಗ್ ಇವತ್ತು ಒಂದನ್ನು ತೋರಿಸಿದರೆ ನಾಳೆ ಇನ್ನೊಂದನ್ನು ತೋರಿಸಬಹುದು, ಅಲ್ವಾ? ಎಸ್‌ಎಚ್‌ಎ-256 ಡೈಜೆಸ್ಟ್ ಹಾಗಲ್ಲ. 64 ಅಕ್ಷರದ ಆ ಸರಣಿ ಇಮೇಜ್‌ನ ಒಳಗಿರೋದರಿಂದಲೇ ಹುಟ್ಟುತ್ತೆ. ಒಳಗೆ ಚೂರು ಬದಲಾದರೂ ಅದೂ ಬದಲಾಗುತ್ತೆ. ರಿಲೀಸ್ ಟೇಬಲ್‌ನಲ್ಲಿ ಅಪ್‌ಡೇಟ್, ಡಿಲೀಟ್ ಮಾಡುವ ಹಕ್ಕನ್ನು ಅಪ್ಲಿಕೇಶನ್ನಿನ ಡೇಟಾಬೇಸ್ ಯೂಸರ್‌ಗೆ ಕೊಟ್ಟೇ ಇಲ್ಲ. ಪಾಸ್‌ವರ್ಡ್‌ಗಳು ಇಲ್ಲಿ ಬರಲ್ಲ, ಅವು ಎಲ್ಲಿವೆ ಅನ್ನೋ ವಿಳಾಸ ಮಾತ್ರ.

ಡಿಪ್ಲಾಯ್‌ಮೆಂಟ್ ಟೇಬಲ್ ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ, ಹಳೇ ಸಾಲು ಯಾರೂ ಅಳಿಸಲ್ಲ. ರೋಲ್‌ಬ್ಯಾಕ್ (ಹಳೆಯ ರಿಲೀಸ್‌ಗೆ ಮರಳೋದು) ಅಂದರೂ ಹೊಸ ಸಾಲೇ, ಹಳೆಯ ರಿಲೀಸ್‌ನತ್ತ ಬೊಟ್ಟು ಮಾಡುತ್ತೆ ಅಷ್ಟೆ. ರಾತ್ರಿ ಯಾರು, ಯಾವಾಗ, ಯಾಕೆ ಹಿಂದಕ್ಕೆ ಹೋದರು ಅನ್ನೋದು ಬೆಳಗ್ಗೆ ಬಂದವರಿಗೆ ಅಲ್ಲೇ ಸಿಗುತ್ತೆ.

ಒಂದೇ ಸರ್ವೀಸ್‌ಗೆ ಇಬ್ಬರು ಒಟ್ಟಿಗೆ ಡಿಪ್ಲಾಯ್ ಮಾಡದಂತೆ ತಡೆಯೋಕೆ ಕೋಡ್ ಬರೆಯಲಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸರ್ವೀಸ್ ಮತ್ತು ಎನ್ವಿರಾನ್‌ಮೆಂಟ್ (ಟೆಸ್ಟ್, ಪ್ರೊಡಕ್ಷನ್ ಥರ) ಮೇಲೆ ಒಂದು ಯೂನಿಕ್ ಇಂಡೆಕ್ಸ್, ಅಂದರೆ ಅದೇ ಜೋಡಿ ಎರಡು ಸಲ ಬರಬಾರದು ಅನ್ನೋ ನಿಯಮ, ಹಾಕಿದೆವು. ‘ಮುಗಿದ ಸಮಯ’ ಖಾಲಿ ಇರುವ, ಅಂದರೆ ಇನ್ನೂ ನಡೀತಿರುವ, ಸಾಲುಗಳಿಗೆ ಮಾತ್ರ ಅದು ಅನ್ವಯ. ಎರಡನೆಯವರ ಇನ್ಸರ್ಟ್ ಅನ್ನು ಡೇಟಾಬೇಸೇ ತಿರಸ್ಕರಿಸುತ್ತೆ.

ತುಂಬಾ ಚರ್ಚೆ ಆಗಿದ್ದು ಸರ್ವರ್‌ನ ಗುರುತಿನ ಬಗ್ಗೆ. ಹೋಸ್ಟ್‌ನೇಮ್ (ಮಷೀನಿನ ಹೆಸರು) ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಆಗಬಾರದು ಅಂತ ನಾನು ಪಟ್ಟು ಹಿಡಿದೆ. ಕ್ಲೌಡ್‌ನಲ್ಲಿ ಮಷೀನ್ ಹೋಗಿ ಅದೇ ಹೆಸರಲ್ಲಿ ಇನ್ನೊಂದು ಬರುತ್ತೆ. ಖಾಲಿ ಡಿಸ್ಕ್ ಇಟ್ಟುಕೊಂಡು ಬಂದ ಆ ಮಷೀನಿಗೆ ಹಳೆಯದರ ‘ಕಂಡ ಸ್ಥಿತಿ’ ಅಂಟಿಕೊಂಡರೆ, ಎಲ್ಲಾ ಇನ್‌ಸ್ಟಾಲ್ ಆಗಿದೆ ಅಂತ ಸಿಸ್ಟಂ ನಂಬಿಬಿಡುತ್ತೆ. ಈಗ ಪ್ರತಿ ಮಷೀನಿಗೂ ಪ್ರಾವಿಷನ್ ಆಗುವಾಗಲೇ (ಹೊಸದಾಗಿ ಸಿದ್ಧವಾಗುವಾಗಲೇ) ಹೊಸ ಐಡಿ. ಹೋಸ್ಟ್‌ನೇಮ್ ಬರೀ ಒಂದು ಕಾಲಂ.