ಆಶ್ರಯ ಸಂಸ್ಥೆಗೆ ಅಕ್ಕಿ ಮೂಟೆಗಿಂತ ಮೊದಲು ಬೇಕಾಗುವುದು ಅಡ್ವಾನ್ಸು: ಬಾಡಿಗೆ ಮನೆ ವ್ಯವಹಾರದವರಿಗೆ

ವರ್ಷಕ್ಕೊಮ್ಮೆ ಅನಾಥಾಶ್ರಮಕ್ಕೆ ಹೋಗಿ, ಹಣ್ಣು ಹಂಚಿ, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಬರುವ ಬಿಲ್ಡರ್‌ಗಳು, ಬ್ರೋಕರ್‌ಗಳು ಬೆಂಗಳೂರಲ್ಲಿ ಬೇಕಾದಷ್ಟಿದ್ದಾರೆ. ಹಣ್ಣು ಬೇಡ ಅಂತಲ್ಲ. ಆದರೆ ಹಣ್ಣನ್ನು ಯಾರು ಬೇಕಾದರೂ ಕೊಡುತ್ತಾರೆ. ಮನೆ ಹುಡುಕಿ, ಮಾಲೀಕರನ್ನು ಒಪ್ಪಿಸಿ, ಬೀಗದ ಕೈ ಕೊಡಿಸುವುದು ನಮ್ಮ ಕಸುಬಿನವರಿಗೆ ಮಾತ್ರ ಗೊತ್ತು. ನಾನು ಚಂದ್ರಾ ಲೇಔಟ್ ಕಡೆ ಬಾಡಿಗೆ ಮನೆ ಆಫೀಸು ನಡೆಸುತ್ತೇನೆ. ನಾವು ಮಾಡುವ ರೀತಿ ಇದು. ನಿಮಗೆ ಒಗ್ಗುವುದನ್ನು ತಗೊಳ್ಳಿ.

ಮೊದಲು, ಯಾರಿಗೆ ಮನೆ ಬೇಕು ಅಂತ ಸರಿಯಾಗಿ ಕೇಳಿ. 'ಆಶ್ರಮ' ಅಂದ ಕೂಡಲೇ ದೊಡ್ಡ ಕಟ್ಟಡ ಹುಡುಕಲು ಹೊರಡಬೇಡಿ. ಚೆನ್ನೈನ ಬ್ಯಾನಿಯನ್ ಸಂಸ್ಥೆ 2015ರಿಂದ 'ಹೋಮ್ ಅಗೇನ್' ಅಂತ ಒಂದು ಕೆಲಸ ನಡೆಸುತ್ತಿದೆ. ಮಾನಸಿಕ ಕಾಯಿಲೆಯಿಂದ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಬಿಟ್ಟ ನಾಲ್ಕೈದು ಜನರನ್ನು ಒಟ್ಟಿಗೆ ಸಾಮಾನ್ಯ ಬೀದಿಯ ಸಾಮಾನ್ಯ ಬಾಡಿಗೆ ಮನೆಯಲ್ಲಿ ಇರಿಸುತ್ತಾರೆ. ನೋಡಿಕೊಳ್ಳಲು ಜನ ಇರುತ್ತಾರೆ. ಮನೆಯವರಿಲ್ಲ, ಹೋಗಲು ಜಾಗವಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಅಂದರೆ ಇಲ್ಲಿ ಬೇಕಾಗಿರುವುದು ನಾವು ದಿನಾ ತೋರಿಸುವ ಎರಡು ಬೆಡ್‌ರೂಮಿನ ಮನೆ, ಅಷ್ಟೇ. 18 ತುಂಬಿ ಬಾಲಮಂದಿರದಿಂದ ಹೊರಗೆ ಬರುವ ಹುಡುಗರಿಗೂ ಅಂಥದ್ದೇ ಸಾಕು, ಬಸ್ ಸ್ಟಾಪ್ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಕಾಗದ ಪತ್ರ. ಟ್ರಸ್ಟ್ ಡೀಡ್, ಪ್ಯಾನ್ ಕೇಳಿ. 18ರ ಒಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದಾದರೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಇರಲೇಬೇಕು, ಸರ್ಕಾರದ ದುಡ್ಡು ತಗೊಳ್ಳದಿದ್ದರೂ ಇರಬೇಕು. ಮಾನಸಿಕ ಕಾಯಿಲೆಯವರನ್ನು ಇಟ್ಟು ಆರೈಕೆ ಮಾಡುವ ಕೇಂದ್ರಕ್ಕೆ 2017ರ ಕಾಯ್ದೆಯ ನೋಂದಣಿ ಬೇಕು. ಪತ್ರ ತೋರಿಸಿ ಅಂದರೆ ಮುಖ ಗಂಟಿಕ್ಕುವ ಸಂಸ್ಥೆಗೆ ಎಷ್ಟೇ ಒಳ್ಳೆ ಹೆಸರಿರಲಿ, ನಾನು ಮನೆ ತೋರಿಸುವುದಿಲ್ಲ. ನಾಳೆ ಮಾಲೀಕರು ನನ್ನನ್ನೇ ಕೇಳುತ್ತಾರೆ.

ನಿಜವಾದ ಕೆಲಸ ಮಾಲೀಕರನ್ನು ಒಪ್ಪಿಸುವುದು. ಮಾತು ಹೆಚ್ಚು ಕಡಿಮೆ ಹೀಗೆ ನಡೆಯುತ್ತದೆ:

'ನೋಡಮ್ಮಾ, ಫ್ಯಾಮಿಲಿಗೆ ಮಾತ್ರ ಅಂತ ಹೇಳಿದ್ನಲ್ಲ?'

'ಹೌದು ಆಂಟಿ. ಇವರು ನಾಲ್ಕು ಜನ ವಯಸ್ಸಾದ ಹೆಂಗಸರು, ಜೊತೆಗೆ ರಾತ್ರಿ ಹಗಲು ಇರೋ ಒಬ್ಬ ಆಯಾ.'

'ಯಾರಿಗಾದ್ರೂ ಏನಾದ್ರೂ ಆದ್ರೆ?'

'ಟ್ರಸ್ಟಿನವರ ನಂಬರ್, ಡಾಕ್ಟರ ನಂಬರ್ ಎರಡೂ ಗೇಟಿನ ಒಳಗೆ ಅಂಟಿಸ್ತೀವಿ. ನಿಮಗೆ ಫೋನ್ ಬರಲ್ಲ, ನನಗೆ ಬರುತ್ತೆ.'

ಈ ಕೊನೆಯ ಮಾತಿಗೆ ಒಪ್ಪುವವರು ಜಾಸ್ತಿ. ಅವರ ಭಯ ಮನೆಗೆ ಬರುವವರ ಬಗ್ಗೆ ಅಲ್ಲ, ತಾವು ತಲೆ ಕೆಡಿಸಿಕೊಳ್ಳಬೇಕಾಗುತ್ತಲ್ಲ ಅಂತ. ಆದ್ದರಿಂದ 'ಪುಣ್ಯ ಬರುತ್ತೆ ಆಂಟಿ' ಅಂತ ಶುರು ಮಾಡಬೇಡಿ. ಬಾಡಿಗೆ ಐದನೇ ತಾರೀಖಿಗೆ ಟ್ರಸ್ಟಿನ ಅಕೌಂಟಿಂದ ಬರುತ್ತದೆ ಅಂತ ಶುರು ಮಾಡಿ. ಕಾಯಿಲೆ ಇದ್ದರೆ ಇದೆ ಅಂತಲೇ ಹೇಳಿ, ಆದರೆ ಯಾರಿಗೆ ಏನು ಅಂತ ಬಿಡಿಸಿ ಹೇಳುವ ಹಕ್ಕು ನಮಗಿಲ್ಲ. ಜಾತಿ, ಅಡುಗೆ ಬಗ್ಗೆಯೂ ಕೇಳುತ್ತಾರೆ. ಆ ಪ್ರಶ್ನೆಯಲ್ಲೇ ನಿಂತುಬಿಡುವ ಮನೆಯನ್ನು ಬಿಟ್ಟುಬಿಡಿ. ಅಂಥ ಕಡೆ ಒಳಗೆ ಹೋದವರಿಗೂ ನೆಮ್ಮದಿ ಇರುವುದಿಲ್ಲ.

ಇನ್ನು ಅಡ್ವಾನ್ಸು. ಇಲ್ಲೇ ಎಲ್ಲ ನಿಂತುಹೋಗುವುದು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಕಾಲವಿತ್ತು, ಈಗಲೂ ಕೇಳುವವರಿದ್ದಾರೆ. ಆರೇ ತಿಂಗಳು ಅಂದುಕೊಳ್ಳಿ, 25,000 ಬಾಡಿಗೆಗೆ ಒಂದೂವರೆ ಲಕ್ಷ. ಊಟಕ್ಕೆ, ಪುಸ್ತಕಕ್ಕೆ ಅಂದರೆ ದಾನಿಗಳು ಸಿಗುತ್ತಾರೆ. ಅಡ್ವಾನ್ಸಿಗೆ ಅಂದರೆ ಯಾರೂ ಕೊಡುವುದಿಲ್ಲ, ಅದು ಕಣ್ಣಿಗೆ ಕಾಣುವ ದಾನವಲ್ಲ ನೋಡಿ. ಅದಕ್ಕೇ ನಮ್ಮ ಆಫೀಸು ಅಡ್ವಾನ್ಸನ್ನು ಬಡ್ಡಿ ಇಲ್ಲದ ಕೈಸಾಲವಾಗಿ ಟ್ರಸ್ಟಿಗೆ ಬ್ಯಾಂಕ್ ಮೂಲಕವೇ ಕೊಡುತ್ತದೆ. ಮನೆ ಖಾಲಿಯಾದಾಗ ಆ ದುಡ್ಡು ವಾಪಸ್ ಬಂದು ಮುಂದಿನ ಮನೆಗೆ ಹೋಗುತ್ತದೆ. ಮಾಲೀಕರು, ಟ್ರಸ್ಟು, ನಾವು ಹೀಗೆ ಮೂರೂ ಕಡೆಯವರು ಸಹಿ ಹಾಕಿದ ಒಂದು ಪುಟದ ಪತ್ರ ಇರಲಿ, ಬಾಯಿ ಮಾತು ಸಾಲದು. ದುಡ್ಡು ಎಲ್ಲಿಂದ ಅಂದರೆ, ಬ್ರೋಕರೇಜ್ ಬಂದ ದಿನವೇ ಅದರಲ್ಲಿ ಇಷ್ಟು ಪಾಲು ಅಂತ ಬೇರೆ ಅಕೌಂಟಿಗೆ ಹಾಕಿಬಿಡಿ. ತಿಂಗಳ ಕೊನೆಗೆ ಉಳಿದರೆ ನೋಡೋಣ ಅಂದರೆ ಉಳಿಯುವುದಿಲ್ಲ.

ತೆರಿಗೆ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಟ್ರಸ್ಟಿಗೆ ಬ್ರೋಕರೇಜ್ ಬಿಟ್ಟುಕೊಟ್ಟರೆ, ಹಳೇ ಮಂಚ ಕೊಟ್ಟರೆ 80ಜಿ ಅಂತ ನಾವು ಕರೆಯುವ, ದಾನಿಗಳಿಗೆ ಕೊಡುವ ತೆರಿಗೆ ವಿನಾಯಿತಿ ಸಿಗುವುದಿಲ್ಲ, ದುಡ್ಡು ಕೊಟ್ಟರೆ ಮಾತ್ರ. ಅದೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಇಲ್ಲ. ವ್ಯಕ್ತಿಯಾಗಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಹೇಗೂ ಇಲ್ಲ. ಸಿಎಸ್‌ಆರ್, ಅಂದರೆ ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು ಅನ್ನುವ ಲೆಕ್ಕ, ದೊಡ್ಡ ಕಂಪನಿಗಳದ್ದು, ನಮ್ಮಂಥ ಶಟರ್ ಅಂಗಡಿಯವರದ್ದಲ್ಲ. ಮನೆ ಮಾಲೀಕರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ್ದರೆ ಬಾಡಿಗೆ ಕೊಡುವ ಟ್ರಸ್ಟೇ ಅದರಲ್ಲಿ ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಇದನ್ನು ಮೊದಲೇ ಹೇಳಿ. ಅವರು ದಾನವನ್ನೂ ಕೊಡುತ್ತೇವೆ ಅಂದರೆ ಯಾವ ದೇಶದ ಪಾಸ್‌ಪೋರ್ಟ್ ಅಂತ ಕೇಳಿ. ಓಸಿಐ ಕಾರ್ಡಿನವರ, ಅಂದರೆ ಬೇರೆ ದೇಶದ ಪೌರರಾಗಿರುವ ನಮ್ಮ ಮೂಲದವರ ದುಡ್ಡು ಕಾನೂನಿನ ಲೆಕ್ಕದಲ್ಲಿ ವಿದೇಶಿ ದುಡ್ಡು, ವಿದೇಶಿ ದೇಣಿಗೆ ತಗೊಳ್ಳಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ.

ಕರಾರು ಪತ್ರ ಟ್ರಸ್ಟಿನ ಹೆಸರಲ್ಲೇ ಆಗಲಿ, ಅಲ್ಲಿ ಕೆಲಸ ಮಾಡುವ ಯಾರೋ ಹುಡುಗಿಯ ಹೆಸರಲ್ಲಿ ಬೇಡ. ಹನ್ನೊಂದು ತಿಂಗಳಿಗೆ ಕರಾರು ಮಾಡುವ ಅಭ್ಯಾಸ ಇಲ್ಲಿ ಒಳ್ಳೆಯದಲ್ಲ. ಮೂರು ವರ್ಷಕ್ಕೆ ಮಾಡಿಸಿ. ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಸಬ್ ರಿಜಿಸ್ಟ್ರಾರ್ ಖರ್ಚು ಆಗುತ್ತದೆ, ಆಗಲಿ. ನಾನು ಹಟ ಹಿಡಿದು ಸೇರಿಸುವ ಸಾಲು ಇದು: 'ಮನೆ ಖಾಲಿ ಮಾಡಿಸಬೇಕಾದಲ್ಲಿ ಮಾಲೀಕರು ಆರು ತಿಂಗಳ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸತಕ್ಕದ್ದು.' ಐಟಿ ಹುಡುಗರು ಒಂದು ತಿಂಗಳಲ್ಲಿ ಬೇರೆ ಮನೆ ಹುಡುಕಿಕೊಳ್ಳುತ್ತಾರೆ. ಗಾಲಿ ಕುರ್ಚಿಯ ಅಜ್ಜಿಗೆ ಆಗುತ್ತಾ?

ಮನೆ ನೋಡುವಾಗ ವಾಸ್ತು ಪಕ್ಕಕ್ಕಿಟ್ಟು ಬಚ್ಚಲಿಗೆ ಹೋಗಿ. ಹೊಸ್ತಿಲು ಎಷ್ಟು ಎತ್ತರ, ಟೈಲ್ಸ್ ಜಾರುತ್ತಾ, ಕಮೋಡ್ ಪಕ್ಕ ಹಿಡಿಕೆ ಕಂಬಿ ಹಾಕಲು ಗೋಡೆ ಗಟ್ಟಿಯಿದೆಯಾ, ಒಳಗಿನ ಚಿಲಕ ಹೊರಗಿಂದ ತೆಗೆಯಲು ಬರುತ್ತಾ ಅಂತ ನೋಡಿ. ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಕಾವೇರಿ ನೀರು ವಾರಕ್ಕೆ ಎಷ್ಟು ಸಲ ಅಂತ ಪಕ್ಕದ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ. ಕಂಬಿ, ರ‍್ಯಾಂಪು, ಚಿಲಕ ನಮ್ಮ ಪ್ಲಂಬರ್, ವೆಲ್ಡರ್ ಕೈಲಿ ಮಾಡಿಸಿಕೊಡಬಹುದು. ದೊಡ್ಡ ಖರ್ಚಿನದ್ದಲ್ಲ.

ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರ ಮನೆಯಾದರೆ ನಿಯಮವೇ ಬೇರೆ. ಲೊಕೇಶನ್ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಗೇಟಿಗೆ ಬೋರ್ಡ್ ಬೇಡ, ಆಫೀಸಿನ ಹುಡುಗರಿಗೂ ವಿಳಾಸ ಗೊತ್ತಿರಬೇಕಿಲ್ಲ. ಚೆಕ್ ಕೊಡುವ ಫೋಟೊ ಅಂತೂ ಬೇಡವೇ ಬೇಡ.

ಕೊನೆಗೆ ಪೇಂಟಿಂಗ್ ಚಾರ್ಜು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿ ರೂಢಿ. ಟ್ರಸ್ಟೇ ಸುಣ್ಣ ಬಣ್ಣ ಬಳಿಸಿ ಕೊಡುತ್ತದೆ, ಅಡ್ವಾನ್ಸಿನಲ್ಲಿ ಮುರಿಯುವಂತಿಲ್ಲ ಅಂತ ಕರಾರಿನಲ್ಲೇ ಬರೆಸಿ. ಬೀಗದ ಕೈ ಕೊಡುವ ದಿನವೇ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ವಿಡಿಯೊ ತೆಗೆದು ಎರಡೂ ಕಡೆಯವರಿಗೆ ಕಳಿಸಿಬಿಡಿ.